ಮಾಷ್ ಆರಿಸಿದ ಡಿಸ್‌ಪ್ಲೇ

ಕೇರಳದ ಕಲ್ಪೆಟ್ಟದಲ್ಲಿ ನನಗೆ ಕಂಪ್ಯೂಟರ್ ಕೆಲಸ ಕಲಿಸಿದವರನ್ನು ಎಲ್ಲರೂ ಮಾಷ್, ಅಂದರೆ ಮೇಷ್ಟ್ರು, ಅಂತಲೇ ಕರೆಯುತ್ತಿದ್ದರು. ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಮೊದಲು ಹೇಳು, ನೋಡೋರು ಯಾರು?" ಅನ್ನುತ್ತಿದ್ದರು.

ನಮ್ಮ ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಕ್ಕನನ್ನು ಟೈಲರ್ ಚೇಚಿ ಅನ್ನುತ್ತಿದ್ದೆವು. ಅವರ ಕಸೂತಿ ಸಾಫ್ಟ್‌ವೇರ್ ಹಳೇ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಅವರ ಹೊಸ ಕಂಪ್ಯೂಟರಿನೊಳಗೇ ಆ ಹಳೆಯದಕ್ಕೊಂದು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್, ಮಾಡಿಕೊಟ್ಟೆ. ಅದಕ್ಕೆ ಚಿತ್ರ ಮೂಡಿಸುವ ಡಿಸ್‌ಪ್ಲೇ ಕಾರ್ಡನ್ನು ಪಟ್ಟಿಯಿಂದ ಆರಿಸುವಾಗ ಇದ್ದುದರಲ್ಲೇ ಹೊಸದು, ಜೋರಿನದು ಹಾಕಿದೆ. ಹಳೇ ವಿಂಡೋಸ್‌ಗೆ ಅದರ ಗುರುತೇ ಸಿಗದೆ ಪರದೆ ಕಪ್ಪಾಯಿತು. ಮರುದಿನವೇ ಚೇಚಿ ಮದುವೆಯ ಬ್ಲೌಸ್ ಕೊಡಬೇಕಿತ್ತು.

ಮಾಷ್ ಬಂದು, ಅದೇ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾದಾ ಆದ ವಿಜಿಎ ಡಿಸ್‌ಪ್ಲೇ ಆರಿಸಿದರು.

"ಇದು ತೀರಾ ಹಳೇದಲ್ವಾ ಮಾಷೇ?" ಅಂದೆ.

"ಹಳಬನಿಗೆ ಹಳಬನ ಗುರುತೇ ಸಿಗೋದು."

ಪರದೆಯ ಮೇಲೆ ಆ ಬ್ಲೌಸಿನ ಕಸೂತಿಯ ಮಲ್ಲಿಗೆ ಬಳ್ಳಿ ಮೂಡಿತು. ನಾನು ಅದನ್ನೇ ನೋಡುತ್ತಿದ್ದೆ. ಮಾಷ್ ಮಾತ್ರ ಚೇಚಿಯ ಮುಖ ನೋಡುತ್ತಿದ್ದರು. ಆ ಮುಖ ಅರಳಿದ ಮೇಲೆಯೇ ಕುರ್ಚಿಯಿಂದ ಎದ್ದರು.