ಮೂಗು ಹಿಡಿದ ಗೋರಂಟಿ ಕೈ

ಮೊಮ್ಮಗಳು ಇವತ್ತು ಗೋರಂಟಿ ಹಚ್ಚಿಕೊಂಡ ಕೈಯನ್ನು ನನ್ನ ಮೂಗಿನ ಹತ್ತಿರ ತಂದಳು. ನಾನು ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡೆ. ಆ ವಾಸನೆಯ ಹಿಂದೆಯೇ ಏಟು ಬೀಳುತ್ತದೆ ಎಂಬುದನ್ನು ನನ್ನ ಕೆನ್ನೆ ಇನ್ನೂ ಮರೆತಿಲ್ಲ.

ಶಿರಾದ ಮಿಡ್ಲ್ ಸ್ಕೂಲಿನಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ತಮ್ಮ ಕೈ ನೋಯಿಸಿಕೊಳ್ಳುತ್ತಿರಲಿಲ್ಲ. ಉತ್ತರ ಹೇಳಿದವರು, ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕಿತ್ತು. ಹೇಳುತ್ತಿದ್ದವಳು ಯಾವಾಗಲೂ ಬಳೆ ಅಂಗಡಿ ಸಾಬರ ಮಗಳು ಜುಬೇದಾ, ನನ್ನ ಜೀವದ ಗೆಳತಿ. ರಂಜಾನ್ ಹಬ್ಬದ ಮರುದಿನ ಉತ್ತರ ಬಾರದೆ ನಿಂತಿದ್ದ ನನ್ನ ಮೂಗನ್ನು ಅವಳು ಗೋರಂಟಿಯಿಂದ ಕೆಂಪಗಾಗಿದ್ದ ಕೈಯಲ್ಲಿ ಹಿಡಿದು, ಕೆನ್ನೆಯನ್ನು ಸುಮ್ಮನೆ ಸವರಿದಳು.

"ಅಂಗಲ್ಲ ಕಣಮ್ಮ ಹೊಡೆಯೋದು, ಇಂಗೆ," ಎಂದು ಮೇಷ್ಟ್ರು ಅವಳ ಕೆನ್ನೆಗೇ ಬಾರಿಸಿ ತೋರಿಸಿದರು. ತರಗತಿಯೆಲ್ಲ ನಕ್ಕಿತು. ಜುಬೇದಾ ಅಳುತ್ತಲೇ ನನಗೆ ಜೋರಾಗಿ ಹೊಡೆದಳು.

ಅಂದಿನಿಂದ ಅವಳು ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ.

"ನಿಂಗೆ ಗೊತ್ತಿತ್ತಲ್ಲೇ, ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳುದ್ರೆ ನಿನ್ನ ಹೊಡೀಬೇಕಲ್ಲ, ಬುಡು," ಅಂದಳು.

ಮೇಷ್ಟ್ರು ಒಂದು ದಿನ ಬಳೆ ಅಂಗಡಿಯ ಮುಂದೆ ನಿಂತು, "ನಿಮ್ಮ ಹುಡುಗಿಗೆ ತಲೆಗೇನೂ ಹತ್ತಾ ಇಲ್ಲ ಸಾಬ್ರೇ, ಸುಮ್ನೆ ಮನೇಲಿ ಇಟ್ಕೊಳ್ಳಿ," ಎಂದರಂತೆ. ಬೇಸಿಗೆ ರಜೆ ಮುಗಿದಾಗ ಜುಬೇದಾ ಶಾಲೆಗೆ ಬರಲಿಲ್ಲ. ನನ್ನ ಪಕ್ಕದ ಜಾಗ ಖಾಲಿಯಾಯಿತು.

ಈಗ ನನ್ನ ವಯಸ್ಸಿನವರು ಫೇಸ್‌ಬುಕ್ಕಿನಲ್ಲಿ, ಮೇಷ್ಟ್ರ ಏಟು ತಿಂದೇ ನಾವು ಮನುಷ್ಯರಾದೆವು ಎಂದು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಓದಿದರೆ ಮೈಯೆಲ್ಲ ಉರಿಯುತ್ತದೆ. ಆ ತರಗತಿಯಲ್ಲಿ ಮನುಷ್ಯರಂತೆ ನಡೆದುಕೊಂಡವಳು ಅವಳೊಬ್ಬಳೇ. ಅವಳನ್ನೇ ದಡ್ಡಿ ಎಂದು ಮನೆಗೆ ಕಳಿಸಿದರು.