ಗೋದಾವರಿಯ ಹಿನ್ನೀರಿನ ದಂಡೆಯಲ್ಲಿ ಸ್ಯಾಕ್ಸೊಫೋನ್

ನಾಸಿಕಕ್ಕೆ ಬಂದ ಮೊದಲ ಭಾನುವಾರವೇ ಮನೆ ಮಾಲೀಕರು ಬಾಗಿಲು ಬಡಿದು, "ಮ್ಯಾಡಂ, ನಿಮ್ಮ ಮನೆಯಲ್ಲಿ ಯಾರದಾದರೂ ಲಗ್ನವೇ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಸ್ಯಾಕ್ಸೊಫೋನ್ ಊದುತ್ತಿದ್ದೆ. ಲಗ್ನವಲ್ಲ, ಅಭ್ಯಾಸ ಎಂದೆ. "ಹಾಗಾದರೆ ಬಂದ್ ಮಾಡಿ. ಇಲ್ಲವೇ ಬೇರೆ ಮನೆ ನೋಡಿಕೊಳ್ಳಿ" ಎಂದು ಇಳಿದುಹೋದರು.

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಮದುವೆ ಬ್ಯಾಂಡು. ಊದಲು ಕಲಿಸಿದವನೂ ಅವನೇ. ಬೆಳಿಗ್ಗೆ ನನ್ನ ವಾದ್ಯ ಕೇಳದಿದ್ದರೆ "ಆರಾಮ ಇಲ್ಲೇನವಾ?" ಎಂದು ಓಣಿಯ ಹೆಂಗಸರು ವಿಚಾರಿಸುತ್ತಿದ್ದರು. ಬ್ಯಾಂಕಿನ ವರ್ಗಾವಣೆ ನನ್ನನ್ನು ಇಂಥ ಊರಿಗೆ ತಂದಿತ್ತು. ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ, ರುಚಿಗೇನೂ ಮೋಸವಿಲ್ಲ. ಆದರೆ ಮಾತಾಡುವವರಿಲ್ಲ. ವಾದ್ಯ ಕಪಾಟು ಸೇರಿತು. ಮಳೆಗಾಲ ಮುಗಿಯುವಷ್ಟರಲ್ಲಿ ತುಟಿಯ ಹಿಡಿತ ಸಡಿಲವಾಗಿ, ಇನ್ನು ನನಗೆ ಊದಲು ಬಾರದೇನೋ ಎಂಬ ಭಯ ಹತ್ತಿತು.

ಒಂದು ದಿನ ಕೌಂಟರಿನಲ್ಲಿ ಪಿಂಚಣಿಗೆ ಬಂದಿದ್ದ ಬಿಳಿಗೂದಲಿನ ಹೆಂಗಸೊಬ್ಬರು ಮೇಜಿನ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದ ನನ್ನ ಬೆರಳುಗಳನ್ನು ನೋಡಿ, ಯಾವ ವಾದ್ಯ ಎಂದು ಕೇಳಿದರು. ಹೆಸರು ಶರಯೂ. ಎಲ್ಲರೂ ಅವರನ್ನು 'ತಾಯಿ' ಎನ್ನುವುದು ಕೇಳಿ, ಇವರಿಗೆ ಇಷ್ಟೊಂದು ಮಕ್ಕಳೇ ಎಂದುಕೊಂಡೆ! ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ಆಮೇಲೆ ತಿಳಿಯಿತು.

ತಾಯಿ ಹರೆಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ತಂಡದೊಂದಿಗೆ ಪಿಯಾನೊ ನುಡಿಸಿದವರು. ಒಬ್ಬರು ಅಂದದ್ದಕ್ಕೆ ಇನ್ನೊಬ್ಬರು ಆ ಕ್ಷಣಕ್ಕೆ ತೋಚಿದ ಉತ್ತರ ಕೊಡುವುದೇ ಜಾಝ್ ಎನ್ನುತ್ತಿದ್ದರು. ನಾಸಿಕಕ್ಕೆ ಬಂದ ಮೇಲೆ ಅವರ ಸಂಗೀತ ನಿಧಾನವಾಯಿತು. ಈಗ ಅವರು ಉತ್ತರ ಕೊಡುವುದು ಗಾಳಿಗೆ, ನೀರಿಗೆ, ಹಕ್ಕಿಗೆ. ಇದಕ್ಕೆ ನ್ಯೂ ಏಜ್ ಎಂಬ ಹೆಸರಿದೆಯಂತೆ.

ತಮ್ಮ ಜೊತೆ ಊದಲು ನನ್ನನ್ನೂ ಕರೆದರು. ಮೊದಲ ದಿನ ಗೋದಾವರಿಯ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಬಳಿ ನಾನು ಉತ್ಸಾಹದಿಂದ ಊದಿದ ಕೂಡಲೇ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ತಾಯಿ ನಕ್ಕರು. "ಆಧೀ ಐಕ್, ಮಗ ವಾಜವ್." ಮೊದಲು ಕೇಳು, ಆಮೇಲೆ ನುಡಿಸು. ಓಣಿಯ ಕೊನೆಗೆ ಮುಟ್ಟುವಂತೆ ಊದಿ ಬೆಳೆದವಳಿಗೆ ಇದಕ್ಕಿಂತ ಕಷ್ಟದ ಪಾಠವಿರಲಿಲ್ಲ. ಆದರೆ ತುಟಿಗೆ ಬಲ ಬಂತು. ತಾಯಿಯ ಮನೆಯ ಮಹಡಿಯ ಕೋಣೆಗೇ ಬಾಡಿಗೆಗೆ ಬಂದೆ. ಬಾಗಿಲು ಬಡಿಯುವ ಭಯ ಹೋಯಿತು.

ನಾಸಿಕದಿಂದ ಕೆಲವು ಗಂಟೆಗಳ ದಾರಿಯ ಸಂಭಾಜಿನಗರದ ಕಾಲೇಜೊಂದರ ಅಂಗಳದಲ್ಲಿ ನಮ್ಮಿಬ್ಬರ ಕಾರ್ಯಕ್ರಮ ನಿಗದಿಯಾದಾಗ ಅಪ್ಪನನ್ನು ಕರೆಸಿದೆ. ಹಿಂದಿನ ದಿನ ಅಭ್ಯಾಸ ಕೇಳಿ ಅವನು ಮುಖ ಗಂಟಿಕ್ಕಿದ. "ಇದೇನಬೇ ಇದು? ಇಷ್ಟ ಸಣ್ಣ ದನೀಲೆ ಊದಿದ್ರ ಮಂದಿಗೆ ಹ್ಯಾಂಗ ಕೇಳಬೇಕು? ನಾ ಕಲಿಸಿದ್ದೆಲ್ಲಾ ಮರತಿ ಏನು?"

"ಮರ್ತಿಲ್ರಿ ಅಪ್ಪಾ. ನಾಳೆ ಕೇಳಿ ನೋಡ್ರಿ" ಎಂದೆ.

ಮರುದಿನ ಸಂಜೆ ಇನ್ನೇನು ಶುರು ಮಾಡಬೇಕು, ಅಂಗಳದ ಬೇವಿನ ಮರಕ್ಕೆ ಗಿಳಿಗಳ ಹಿಂಡು ಬಂದು ಗದ್ದಲ ಎಬ್ಬಿಸಿತು. ಮುಂದಿನ ಸಾಲಿನಲ್ಲಿ ಅಪ್ಪ ಚಡಪಡಿಸಿದ. ತಾಯಿ ಪಿಯಾನೊದಿಂದ ಕೈ ತೆಗೆದು ನನ್ನತ್ತ ನೋಡಿ ಸುಮ್ಮನೆ ಕುಳಿತರು. ನಾನೂ ಕಾದೆ. ಗಿಳಿಗಳು ಒಂದೊಂದಾಗಿ ಸುಮ್ಮನಾದವು. ಕೊನೆಯದೊಂದು ಕೂಗಿದ ಸ್ವರವನ್ನೇ ಹಿಡಿದು, ಉಸಿರಿನಷ್ಟೇ ಮೆಲ್ಲಗೆ ಎಳೆದೆ. ತಾಯಿ ಅದರ ಕೆಳಗೆ ನೀರು ಹರಿಸಿದಂತೆ ನುಡಿಸಿದರು. ಕಣ್ಣು ತೆರೆದಾಗ ಅಪ್ಪನ ಕಣ್ಣು ಮುಚ್ಚಿತ್ತು. ಬೆರಳುಗಳು ಮೊಣಕಾಲ ಮೇಲೆ ನನ್ನ ಜೊತೆಗೇ ಆಡುತ್ತಿದ್ದವು.

ಮುಗಿದ ಮೇಲೆ ಅವನು ಎದ್ದು ನನ್ನ ಬಳಿ ಬಂದ. "ಮದಿವಿ ಗದ್ದಲದಾಗ ಜನ್ಮೆಲ್ಲಾ ಊದೀನಿ, ಯವ್ವಾ. ನನ್ನ ದನಿ ಹ್ಯಾಂಗೈತಿ ಅಂತ ನನಗ ಕೇಳಿಸೇ ಇಲ್ಲ" ಎಂದ. "ಕೊಡು ಇಲ್ಲಿ."

ಖಾಲಿಯಾದ ಅಂಗಳದಲ್ಲಿ ಅಪ್ಪ ಮೆಲ್ಲಗೆ ಊದಿದ. ಗಿಳಿಗಳು ಏಳಲಿಲ್ಲ. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರನ್ನು ನಾನು ಆಗ ಬಿಟ್ಟೆ.

ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹತ್ತುತ್ತ ಅಪ್ಪ ಕೇಳಿದ: "ಮನೀಗೆ ಯಾವಾಗ ಬರ್ತಿ?"

"ದೀಪಾವಳಿಗೆ ಮನೀಗೆ ಬಂದ ಬರ್ತೀನ್ರಿ" ಎಂದೆ.

ಬಸ್ಸು ಮರೆಯಾಯಿತು. ನಾಸಿಕದ ಗಾಡಿಯ ಬಳಿ ತಾಯಿ ಕಾಯುತ್ತಿದ್ದರು. "ಚಲಾ ತಾಯಿ, ಘರೀ ಜಾವೂಯಾ" ಎಂದೆ. ನಡೀರಿ ಅಕ್ಕ, ಮನೆಗೆ ಹೋಗೋಣ. ಅಪ್ಪನಿಗೆ ಅಂದದ್ದೂ ನಿಜ, ಇದೂ ನಿಜ.