ತಪ್ಪು ತೇಲಿ ಬಂದ ಭಾನುವಾರ

ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಅವನನ್ನು ಊರೆಲ್ಲ ತೂಬಿನಣ್ಣ ಎಂದೇ ಕರೆಯುತ್ತಿತ್ತು. ಸಂಜೆ ಕರೆಂಟಿಗಾಗಿ ಗೇಟು ಎತ್ತುವುದು, ಬೆಳಿಗ್ಗೆ ಇಳಿಸುವುದು. ಮದುವೆಗೆ ಮುಂಚಿನಿಂದಲೂ ಇದೇ ಕೆಲಸ. ಅವನ ಕೈ ತಲೆಯ ಅಪ್ಪಣೆಗೆ ಕಾಯುವುದನ್ನು ಎಂದೋ ಬಿಟ್ಟಿತ್ತು. ಊಟಕ್ಕೆ ಕೂತಿದ್ದರೂ ಹೊತ್ತಾಯಿತೆಂದರೆ ಹೆಬ್ಬೆರಳು ಗಾಳಿಯಲ್ಲೇ ಗುಂಡಿ ಒತ್ತುತ್ತಿತ್ತು. ನೌಕರಿ ಸಿಕ್ಕಿರುವುದು ಕೈಗೆ, ನೀವು ಬರೀ ಅದರ ಜೊತೆ ಬಂದವರು ಎಂದು ಹೆಂಡತಿ ನಗುತ್ತಿದ್ದಳು.

ಕೆಳಗಿನ ನದಿಯಲ್ಲಿ ನೀರಿಗೆ ಕೊರತೆಯಿರಲಿಲ್ಲ, ಹುಳುಗಳೇ ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನೂ ಅವನ ಅಕ್ಕನೂ ಸಂಜೆ ದಂಡೆಯ ಮೇಲೆ ಬಿಳಿ ರೆಕ್ಕೆಹುಳುಗಳ ನಡುವೆ ಕುಣಿದು, ಬಾಯಿಗೆ ಹೊಕ್ಕದ್ದನ್ನು ಉಗುಳುತ್ತ ಮನೆಗೆ ಬರುತ್ತಿದ್ದರು. ಅವು ಎಲ್ಲಿ ಹೋದವೆಂದು ಎಂಜಿನಿಯರ್ ಮೇಡಂ ಈಗ ಬಿಡಿಸಿ ಹೇಳಿದರು. ಹೆಣ್ಣು ಹುಳು ಸಂಜೆ ನೀರಂಚಿನ ಕಲ್ಲಿಗೆ ಮೊಟ್ಟೆ ಅಂಟಿಸಿ ಅಂದೇ ಸಾಯುತ್ತದೆ. ಬೆಳಿಗ್ಗೆ ಇವನು ನೀರು ಇಳಿಸುತ್ತಾನೆ, ಕಲ್ಲು ಹೊರಬಿದ್ದು ಮೊಟ್ಟೆ ಒಣಗುತ್ತದೆ. ಹುಳುವಿಲ್ಲದೆ ಮರಿಮೀನಿಗೂ ಹಸಿವು.

ಇದನ್ನು ಕೇಳಿದ ದಿನ ಅವನಿಗೆ ಅನ್ನ ಸೇರಲಿಲ್ಲ.

"ಶನಿವಾರ, ಭಾನುವಾರ ನೀರು ತಗ್ಗಿನ ಮಟ್ಟದಲ್ಲೇ ನಿಂತಿರಲಿ. ಅಲ್ಲಿಟ್ಟ ಮೊಟ್ಟೆ ಆಮೇಲೆ ಹೊರಗೆ ಬೀಳಲ್ಲ," ಎಂದರು ಮೇಡಂ. "ಮೇಲಿನವರು ಒಂದೇ ವಾರಕ್ಕೆ ಒಪ್ಪಿದ್ದಾರೆ. ಮರಿ ಕಾಣ್ಲಿಲ್ಲ ಅಂದ್ರೆ ಮತ್ತೆ ಕೇಳೋ ಹಾಗಿಲ್ಲ."

ಶನಿವಾರ ಸಂಜೆ ಗೇಟು ಎತ್ತುವ ಹೊತ್ತಿಗೆ ಸರಿಯಾಗಿ ಹೆಂಡತಿ ಅವನ ಎರಡೂ ಕೈಗೆ ಉಲ್ಲನ್ ನೂಲಿನ ಲಡಿ ಸಿಕ್ಕಿಸಿ ಎದುರಿಗೆ ಕೂತು ಉಂಡೆ ಸುತ್ತಿದಳು. ಗಂಡಾಂತರ ಕಳೆಯಿತು. ಆದರೆ ಭಾನುವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗೇಟಿನ ಕೋಣೆಗೆ ಹೋದ, ಇಳಿಸುವ ಗುಂಡಿ ಒತ್ತಿದ, ಗಡ್ಡ ಕೆರೆದುಕೊಂಡ, ಚಹಾ ಕುಡಿದ. ಲೋಟ ತೊಳೆಯುವಾಗ ಜ್ಞಾನೋದಯವಾಯಿತು. ಮೊದಲೇ ತಗ್ಗಿದ್ದ ಗೇಟು ತಳಕ್ಕೆ ಕೂತು ನೀರನ್ನೇ ತಡೆದುಬಿಟ್ಟಿತ್ತು.

ಓಡಿಹೋಗಿ ಇದ್ದ ಮಟ್ಟಕ್ಕೆ ಎತ್ತಿದ. ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದಹಾಗೆ ಹೇಳಿದ. ಅವರು, ನೀರು ನಿಮ್ಮ ಸ್ಕೂಟರಿಗಿಂತ ನಿಧಾನ ಅಲ್ವಾ, ಎಂದರು.

ಹೌದಲ್ಲ! ನೀರಿನ ಇಳಿತ ಕೆಳಗಿನ ತಿರುವಿಗೆ ತಲುಪಲು ಇನ್ನೂ ಹೊತ್ತಿತ್ತು. ಗೇಟನ್ನು ಜೊತೆಯವನ ಕೈಗೊಪ್ಪಿಸಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಅವಳ ಎರಡೂ ಕೈಯಲ್ಲಿ ಬಕೆಟ್ಟು. ತಿರುವು ಬಂದಲ್ಲೆಲ್ಲ ದೇವರ ಹೆಸರು, ನಡುನಡುವೆ ಗಂಡನ ಮನೆತನದ ಗುಣಗಾನ. ನದಿಯ ತಿರುವಿನಲ್ಲಿ ಅವನ ಅಕ್ಕ ಲಾಂಡ್ರಿ ನಡೆಸುತ್ತಿದ್ದಳು. ಹುಳುಗಳು ಉಳಿದಿದ್ದರೆ ಅಲ್ಲಿನ ಕಲ್ಲುಗಳಲ್ಲಿ ಮಾತ್ರ ಎಂದು ಮೇಡಂ ಹೇಳಿದ್ದರು.

"ಅಕ್ಕಾ, ನದಿ ಕಲ್ಲು ಒಣಗಬಾರದು."

"ಎಲ್ಲಿದೆಯೋ ಒಣಗಿರೋದು? ಮುಳುಗೇ ಇದೆ."

"ಇನ್ನೂ ಬಂದಿಲ್ಲ. ನನ್ನ ತಪ್ಪು ದಾರೀಲಿದೆ."

ಅಕ್ಕ ತಮ್ಮನ ಹಣೆ ಮುಟ್ಟಿ ನೋಡಿದಳು. ಮೂವರೂ ದಂಡೆಯಲ್ಲಿ ಸಾಲಾಗಿ ನಿಂತು, ಬಸ್ಸಿಗೆ ಕಾದವರಂತೆ, ತಪ್ಪಿಗೆ ಕಾದರು. ಬಿಸಿಲೇರುವ ಹೊತ್ತಿಗೆ ಅದು ಬಂತು. ನೀರಂಚು ಸದ್ದಿಲ್ಲದೆ ಹಿಂದೆ ಸರಿದು, ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ಕೆಲವುಗಳ ಮೇಲೆ ರಾಗಿಕಾಳಿಗಿಂತ ಸಣ್ಣ ಬಿಳಿ ಚುಕ್ಕೆಗಳು.

ಅವು ಚಿಕ್ಕಂದಿನ ಬಿಳಿ ಹುಳುಗಳ ಮೊಟ್ಟೆ, ತಾಯಿ ಇಟ್ಟ ದಿನವೇ ಸಾಯುತ್ತದೆ ಎಂದು ಅವನು ಹೇಳಿದಾಗ ಅಕ್ಕ ಬಗ್ಗಿ ನೋಡಿದಳು. ಮತ್ತೆ ಅವಳನ್ನು ಹಿಡಿಯುವವರಿರಲಿಲ್ಲ. ಲಾಡ್ಜಿನವರ ಹಾಸಿಗೆ ಬಟ್ಟೆಗಳನ್ನು ಹೊತ್ತು ತಂದು, ಸೋಪು ಮುಟ್ಟಿದ್ದನ್ನು ಅತ್ತ ಎಸೆದು, ಉಳಿದದ್ದನ್ನು ನದಿಯಲ್ಲಿ ಅದ್ದಿ ಕಲ್ಲುಗಳಿಗೆ ಹೊದಿಸಿದಳು. ಮೂವರೂ ಬಕೆಟ್ಟಿನಲ್ಲಿ ನೀರು ಮೊಗೆದು ಸುರಿದರು. ದಾರಿಹೋಕರು ನಿಂತು ನೋಡಿದರು. ನದಿಗೇ ನೀರು ಹಾಕುವವರನ್ನು ಅವರು ಕಂಡಿರಲಿಲ್ಲ. ಒಬ್ಬ ಮುದುಕ, ಇದಕ್ಕೆ ಯಾವಾಗ ಮೊಳಕೆ ಬರುತ್ತೆ ಎಂದು ವಿಚಾರಿಸಿದ. ಅಕ್ಕ ಅವನ ಕೈಗೂ ಒಂದು ಬಕೆಟ್ಟು ಕೊಟ್ಟಳು. ಜಾರಿ ಬೀಳುತ್ತ, ಏಳುತ್ತ, ನಗು ತಡೆಯಲಾರದೆ ಸುರಿಯುತ್ತಿರುವಾಗಲೇ ಗೇಟು ಎತ್ತಿ ಬಿಟ್ಟ ನೀರು ಬಂದು ಅವರ ಕಾಲ್ಬೆರಳು ಮುಟ್ಟಿತು.

ಆಮೇಲೆ ಅವನಿಗೆ ನಿದ್ದೆಯಿಲ್ಲ. ಕೆಲವು ವಾರ ಕಳೆದು ಮೇಡಂ ಅಕ್ಕನ ಲಾಂಡ್ರಿಯ ಬಳಿ ಮೊಣಕಾಲ ನೀರಿಗಿಳಿದು ಒಂದು ಕಲ್ಲು ತಿರುಗಿಸಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಅಣ್ಣಾ, ನೋಡಿ."

ಕಲ್ಲಿನಡಿ ಮೂರೆಳೆ ಬಾಲದ ಪುಟಾಣಿ ಮರಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಪಕ್ಕದ ಕಲ್ಲಿನಲ್ಲೂ. ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದೇಬಿಟ್ಟಳು.

"ಮೆಲ್ಲಗೆ ಇಡಿ ಮೇಡಂ," ಎಂದಳು. "ಅವರಮ್ಮ ಆವತ್ತೇ ಹೋದಳು. ಈಗ ಎಲ್ಲದಕ್ಕೂ ನಾವೇ."

ಮೇಲಿನವರಿಗೆ ಇನ್ನು ಪ್ರತಿ ವಾರವೂ ನೀರು ಹೀಗೇ ನಿಲ್ಲಿಸಿ ಅಂತ ಕೇಳ್ತೀನಿ ಎಂದು ಮೇಡಂ ಹೇಳುತ್ತಿದ್ದುದು ತೂಬಿನಣ್ಣನಿಗೆ ಅರ್ಧವೇ ಕೇಳಿಸಿತು. ಅವನು ನಕ್ಕು ನಕ್ಕು ನದಿಯಲ್ಲೇ ಕೂತುಬಿಟ್ಟಿದ್ದ.